ಸೊರಬದ ನರಕಕ್ಕೆ ಶಿಕಾರಿಪುರದ ಬೆಂಕಿ

ಬೆಳಗಿನ ಆರು ಗಂಟೆಗೆ ಮಾಸ್ತಪ್ಪ ನರಕವನ್ನು ಒಗೆದು ಹಗ್ಗದ ಮೇಲೆ ಒಣಹಾಕುತ್ತಿದ್ದಾರೆ. ಶಿಕಾರಿಪುರದ ಕೆರೆ ಹಿಂದಿನ ಓಣಿ. ಅಂಗಳದ ತುಂಬ ಕೆಂಪು, ಕಿತ್ತಳೆ, ಅರಿಶಿನ ಬಣ್ಣದ ಬಟ್ಟೆಪಟ್ಟಿಗಳು. ಒಂದೊಂದರ ತುದಿಯನ್ನೂ ನಾಲಿಗೆಯಂತೆ ಚೂಪಾಗಿ ಕತ್ತರಿಸಿದೆ. ಗಾಳಿ ಬೀಸಿದರೆ ಓಣಿಗೇ ಬೆಂಕಿ ಬಿದ್ದಂತೆ ಕಾಣುತ್ತದೆ, ತೊಟ್ಟಿಕ್ಕುವುದು ಮಾತ್ರ ತಣ್ಣನೆಯ ನೀರು.

"ನನ್ನ ಮದುವೆ ಸೀರೇನೂ ಅದ್ರಾಗೆ ಐತೆ ನೋಡ್ರೀ," ಎಂದು ಹೆಂಡತಿ ಲೋಕಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ. "ನಾನಿನ್ನೂ ಬದುಕಿದೀನಿ, ನನ್ನ ಸೀರೆ ಆಗ್ಲೇ ನರಕಕ್ಕೆ ಹೋಯ್ತು."

"ಉಳಿದವ್ರ ಸೀರೆ ಪೆಟ್ಟಿಗೆಯೊಳಗೆ ಕೊಳೀತಾವೆ. ನಿಂದನ್ನ ಊರಿಗೂರೇ ಕೂತು ನೋಡ್ತದೆ. ಅದಕ್ಕೊಂದು ಖುಷಿ ಬೇಡವಾ?" ಮಾಸ್ತಪ್ಪ ಪಟ್ಟಿ ಕೊಡವುತ್ತ ನಗುತ್ತಾರೆ.

ಅರವತ್ತರ ಹತ್ತಿರದ ಮಾಸ್ತಪ್ಪ ಹಳ್ಳಿ ನಾಟಕಗಳಿಗೆ ಪರದೆ, ದಿರಿಸು, ಬಣ್ಣ ಬಾಡಿಗೆಗೆ ಕೊಡುವವರು. ಸುಗ್ಗಿ ಮುಗಿದ ಮೇಲೆ ಬಂದಳಿಕೆಯಿಂದ ಗುಡವಿಯವರೆಗೆ ಎಲ್ಲಿ ಹೇಳಿ ಕಳಿಸಿದರೂ ಟ್ರಂಕು ಹೊತ್ತು ಹೋಗುತ್ತಾರೆ. ಪರದೆ ಕಟ್ಟುವುದು ಅವರೇ, ಮುಖಕ್ಕೆ ಬಣ್ಣ ಬಳಿಯುವುದು ಅವರೇ, ಕೊನೆಗೆ ಹಗ್ಗ ಎಳೆಯುವುದೂ ಅವರೇ. ಕರಪತ್ರದಲ್ಲಿ ಹಾರ್ಮೋನಿಯಂ ಮೇಷ್ಟ್ರ ಹೆಸರಿರುತ್ತದೆ, ಪೆಟ್ರೋಮ್ಯಾಕ್ಸ್ ಕೊಟ್ಟವರ ಹೆಸರೂ ಇರುತ್ತದೆ. ಹಗ್ಗ ಎಳೆಯುವವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಒಂದು ಮಳೆಗಾಲ ಇಲಿಗಳು ಸೇರಿ ಅರಮನೆಯ ಪರದೆಯನ್ನು ನಡುಮಧ್ಯದಲ್ಲೇ ತಿಂದು ಹಾಕಿದವು. ಹೊಸದು ಬರೆಸುವ ಶಕ್ತಿ ಇರಲಿಲ್ಲ. ಕಾಡಿನ ಪರದೆಯ ತುಂಡೊಂದನ್ನು ತಂದು ತೇಪೆ ಹಾಕಿದರು. ಅಂದಿನಿಂದ ಇವರ ರಾಜರೆಲ್ಲ ಸಿಂಹಾಸನದ ಪಕ್ಕದಲ್ಲೊಂದು ಬಿದಿರುಮೆಳೆ ಇಟ್ಟುಕೊಂಡೇ ರಾಜ್ಯವಾಳುತ್ತಿದ್ದಾರೆ. ಇವತ್ತಿನವರೆಗೂ ಯಾರೂ ಕೇಳಿಲ್ಲವಂತೆ.

ನರಕದ ಕೆಲಸ ಬಂದದ್ದು ತೊಂಬತ್ತನೇ ಇಸವಿಯಲ್ಲಿ. ಸೊರಬದ ಪುಟ್ಟ ಚರ್ಚಿನವರು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ನಾಟಕ ಆಡುತ್ತಾರೆ. ಯೇಸು ಹೇಳಿದ ಕಥೆ ಅದು. ದಿನವೂ ಹಬ್ಬದೂಟ ಉಣ್ಣುವ ಸಾಹುಕಾರ, ಅವನ ಬಾಗಿಲಲ್ಲಿ ಎಂಜಲಿಗೆ ಕಾದು ಬಿದ್ದಿರುವ ಭಿಕ್ಷುಕ. ಇಬ್ಬರೂ ಸಾಯುತ್ತಾರೆ. ಭಿಕ್ಷುಕ ಸ್ವರ್ಗದಲ್ಲಿ ಕುಲದ ಪಿತಾಮಹನ ಮಡಿಲು ಸೇರುತ್ತಾನೆ, ಸಾಹುಕಾರ ಪಾತಾಳದ ಉರಿಯಲ್ಲಿ ನಿಂತು ಒಂದು ಹನಿ ನೀರಿಗೆ ಅಂಗಲಾಚುತ್ತಾನೆ.

"ನರಕ ಅಂದ್ರು, ನಾನು ಯಮನ ಕಿರೀಟ, ಕೋಣನ ಮುಖ, ಎಣ್ಣೆ ಕೊಪ್ಪರಿಗೆ ಎಲ್ಲಾ ಹೊತ್ಕೊಂಡು ಹೋದೆ," ಎಂದು ಮಾಸ್ತಪ್ಪ ಮೊದಲ ವರ್ಷದ ಫಜೀತಿ ಹೇಳುತ್ತಾರೆ. ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪನವರು ಕೋಣನ ಮುಖ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರಂತೆ. "ಆಮೇಲೆ ಕೂರಿಸ್ಕೊಂಡು ಹೇಳಿದ್ರು. ನಮ್ಮ ಯಮಲೋಕದಾಗೆ ಶಿಕ್ಷೆ ಮುಗಿದ್ರೆ ಮತ್ತೆ ಹುಟ್ಟಿ ಬರಬಹುದು. ಇವರದ್ರಾಗೆ ಹೋದವ ಹೋದ. 'ಏನ್ ಸಾರ್, ಒಂದು ಅಪೀಲೂ ಇಲ್ವಾ?' ಅಂದೆ. ಸಣ್ಣಪುಟ್ಟ ತಪ್ಪಿನವರಿಗೆ ಶುದ್ಧೀಕರಣ ಸ್ಥಳ ಅಂತ ಬೇರೆ ಐತಂತೆ, ಅಲ್ಲಿಂದ ಸ್ವರ್ಗಕ್ಕೆ ದಾರಿ ಐತೆ. ಈ ಸಾಹುಕಾರನದು ಮಾತ್ರ ಫೈನಲ್."

ಈ ವರ್ಷದ ನಾಟಕದ ಮೇಲೆ ಮಾತ್ರ ಒಂದು ಕತ್ತಿ ತೂಗುತ್ತಿದೆ. ಹೋದ ಸಲ ಟೇಬಲ್ ಫ್ಯಾನಿನ ಗಾಳಿಗೆ ಒಂದು ಜ್ವಾಲೆ ಕಿತ್ತುಹೋಗಿ ಸಾಹುಕಾರನ ತಲೆಗೆ ಮುಂಡಾಸಿನಂತೆ ಸುತ್ತಿಕೊಂಡಿತು. ಜನ ಬಿದ್ದು ಬಿದ್ದು ನಕ್ಕರು. ಇನ್ನಾಸಪ್ಪನವರು ನಗಲಿಲ್ಲ. "ನರಕ ನೋಡಿ ಜನ ನಕ್ಕರೆ ನಾನು ಮಕ್ಕಳಿಗೆ ಏನಂತ ಪಾಠ ಹೇಳಲಿ? ಈ ವರ್ಷವೂ ನಕ್ಕರೆ ಮುಂದಿನ ವರ್ಷ ವಿಡಿಯೋ ತರಿಸಿ ಟಿ.ವಿ.ಯಲ್ಲೇ ತೋರಿಸ್ತೀವಿ," ಎಂದು ಹೇಳಿಬಿಟ್ಟಿದ್ದಾರೆ. ಬಾಡಿಗೆಗೆ ಬೇರೆ ನಾಟಕಗಳಿವೆ. ಆದರೆ ಬೇರೆಲ್ಲ ಕಡೆ ಮಾಸ್ತಪ್ಪ ಇದ್ದದ್ದನ್ನು ಕೊಟ್ಟು ಬರುವವರು. ಯೋಚಿಸಿ, ಕೈಯಾರೆ ಕಟ್ಟುವುದು ಈ ನರಕ ಒಂದನ್ನೇ.

ಮಧ್ಯಾಹ್ನದ ಬಸ್ಸಿಗೆ ಟ್ರಂಕು ಏರುತ್ತದೆ. "ಏನ್ ಮಾಸ್ತಪ್ಪ, ಇವತ್ತು ಯಾವ ಸೀನು?" ಕಂಡಕ್ಟರ್ ವೀರಬಸಪ್ಪ ಕೇಳುತ್ತಾರೆ.

"ನರಕ ಕಣಪ್ಪ."

"ಹಂಗಾದ್ರೆ ಮೇಲೆ ಹಾಕ್ರಿ. ಒಳಗೆ ಆಗ್ಲೇ ಒಂದು ನರಕ ಐತೆ, ನಿಲ್ಲಾಕೂ ಜಾಗ ಇಲ್ಲ."

ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವವರೆಗೂ ಮಾಸ್ತಪ್ಪನ ತಲೆಯಲ್ಲಿ ಉಪದೇಶಿಯವರ ಒಂದು ಮಾತು ಸುತ್ತುತ್ತಿದೆ. ಬೆಂಕಿಗಿಂತ ದೊಡ್ಡದು ಕಂದಕ ಮಾಸ್ತಪ್ಪ, ಆ ಕಡೆಗೂ ಈ ಕಡೆಗೂ ನಡುವೆ ಯಾರೂ ದಾಟಲಾಗದ ಕಂದಕ ಅದೆ. ಬೆಂಕಿಯನ್ನು ಸೀರೆಯಲ್ಲಿ ಮಾಡಬಹುದು, ಕಂದಕವನ್ನು ಯಾವುದರಲ್ಲಿ ಮಾಡುವುದು? ಚರ್ಚಿನ ಬಯಲಿನಲ್ಲಿ ಬೆಂಚುಗಳ ಮೇಲೆ ಹಲಗೆ ಜೋಡಿಸಿದ ವೇದಿಕೆಯ ಮುಂದೆ ನಿಂತು ಬೀಡಿ ಸೇದುತ್ತಾರೆ. ಬೀಡಿ ಮುಗಿಯುವ ಹೊತ್ತಿಗೆ ಉಪಾಯ ಹೊಳೆಯುತ್ತದೆ. ನಡುವಿನ ಹಲಗೆಗಳನ್ನು ತೆಗೆದುಹಾಕಿ, ಕೆಳಗೆ ಕಪ್ಪು ಬಟ್ಟೆ ಹಾಸುತ್ತಾರೆ. ಅಷ್ಟೇ. ಬಲಗಡೆ ಸ್ವರ್ಗ, ಎಡಗಡೆ ನರಕ, ನಡುವೆ ಏನೂ ಇಲ್ಲ.

ಹೊತ್ತು ಮುಳುಗುತ್ತಲೇ ನಾಟಕ ಶುರುವಾಗುತ್ತದೆ. ಚರ್ಚಿನವರಿಗಿಂತ ಊರ ಜನವೇ ಹೆಚ್ಚು. ಮುಂದಿನ ಸಾಲಿನಲ್ಲಿ ಉಳವಿಯ ಮಹಾದೇವಮ್ಮ ಕೂತಿದ್ದಾರೆ. ಚರ್ಚಿನ ಪಕ್ಕದ ಮನೆಯಲ್ಲಿರುವ ಮಗಳ ಬಾಣಂತನಕ್ಕೆ ಬಂದವರು, ನಾಟಕವೆಂದರೆ ಪ್ರಾಣ. ಹಣೆಗೆ ವಿಭೂತಿ, ಮಡಿಲಲ್ಲಿ ಕುಡಿಯುವ ನೀರಿನ ಚೊಂಬು.

ಕೆಂಪು ಬಲ್ಬು ಹತ್ತುತ್ತದೆ, ಜ್ವಾಲೆಗಳು ಏಳುತ್ತವೆ. ಮಾಸ್ತಪ್ಪ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕೈಯಲ್ಲಿ ಕೆಂಡಕ್ಕೆ ರಾಳದ ಪುಡಿ ಎರಚುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಮುಂದಿನ ಪರದೆಯ ಹಗ್ಗ. ಸಾಹುಕಾರನ ಪಾತ್ರದ ಚೌರಪ್ಪ, ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವನು, ಹೊಗೆಗೆ ನಿಜವಾಗಿಯೇ ಗಂಟಲು ಒಣಗಿ ಕೆಮ್ಮುತ್ತಾನೆ. "ತಂದೇ, ಒಂದೇ ಒಂದು ಹನಿ... ನಾಲಿಗೆ ಉರೀತಿದೆ..."

ಯಾರೂ ನಗುವುದಿಲ್ಲ. ಮಹಾದೇವಮ್ಮ ಎದ್ದು ನಿಲ್ಲುತ್ತಾರೆ.

"ಎಂಥಾ ಜನಾನೋ ನೀವು! ಅಷ್ಟೊತ್ತಿಂದ ನೀರು ನೀರು ಅಂತ ಬಡ್ಕೊಳ್ತಿದಾನೆ, ಕಲ್ಲುಗುಂಡಿನ ಹಾಗೆ ಕೂತಿದೀರಲ್ಲ!" ಚೊಂಬು ಹಿಡಿದು ನೇರ ಸ್ವರ್ಗದ ಕಡೆಯ ಮೆಟ್ಟಿಲು ಹತ್ತುತ್ತಾರೆ. ಪಿತಾಮಹನ ವೇಷದ ಮುದುಕರು ಗಡ್ಡ ಹಿಡಿದುಕೊಂಡು, "ತಾಯೀ, ನಡುವೆ ಕಂದಕ ಇದೆ," ಎನ್ನುತ್ತಾರೆ.

"ಇದ್ರೆ ಇರ್ಲಿ, ನೀವು ಸರೀರಿ."

ಅಂಚಿಗೆ ಬಂದು ಕೈ ಚಾಚುತ್ತಾರೆ. ಚೌರಪ್ಪನೂ ಪಾತ್ರ ಮರೆತು ಕೈ ಚಾಚುತ್ತಾನೆ. ಒಂದು ಗೇಣು ಸಾಲದು. ಆಗ ಮಹಾದೇವಮ್ಮನ ಕಣ್ಣು ಜ್ವಾಲೆಗಳ ಹಿಂದಿನ ಮುಖದ ಮೇಲೆ ಬೀಳುತ್ತದೆ. "ಏ ಯಜಮಾನ್ರೇ, ನೀವು ಆ ಕಡೇಲೇ ಇದೀರಲ್ಲ, ನೀವಾದ್ರೂ ಒಂದು ದಾರಿ ಮಾಡಿ ಮಾರಾಯ್ರೇ!"

ಪಕ್ಕದಿಂದ ಇನ್ನಾಸಪ್ಪನವರು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಾರೆ. ಭೂಮಿಯ ಮೇಲೆ ಬದುಕಿರುವ ತನ್ನ ಅಣ್ಣತಮ್ಮಂದಿರಿಗೆ ಎಚ್ಚರಿಕೆ ಹೇಳಿ ಎಂದು ಸಾಹುಕಾರ ಬೇಡುವ ಕೊನೆಯ ಮಾತು ಇನ್ನೂ ಬಾಕಿ ಇದೆ. ನರಕಕ್ಕೆ ನೀರು ಬಂದರೆ ಕಥೆ ಕೆಟ್ಟಿತು, ಬರುವ ವರ್ಷದ ಕೆಲಸವೂ ಕೆಟ್ಟಿತು. ಆದರೆ ಆ ತಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಚೌರಪ್ಪನ ತುಟಿ ನಿಜಕ್ಕೂ ಒಣಗಿದೆ.

ಮಾಸ್ತಪ್ಪ ಹಗ್ಗ ಬಿಡುತ್ತಾರೆ. ಪರದೆ ದಡಾರನೆ ಬೀಳುತ್ತದೆ.

ವೇದಿಕೆಯಿಂದ ಹಾರಿ, ಹಿಂದಿನಿಂದ ಸುತ್ತಿ ಸ್ವರ್ಗದ ಕಡೆ ಹೋಗಿ ಮಹಾದೇವಮ್ಮನಿಂದ ಚೊಂಬು ಇಸಿದುಕೊಂಡು, ಅದೇ ದಾರಿಯಲ್ಲಿ ಮರಳಿ ಬಂದು ಚೌರಪ್ಪನ ಕೈಗಿಡುತ್ತಾರೆ. ಪರದೆಯ ಹಿಂದಿನ ಗಟಗಟ ಸದ್ದು ಹೊರಗಿನವರೆಗೂ ಕೇಳುತ್ತದೆ. ಆಮೇಲೆ ಚಪ್ಪಾಳೆ, ನಿಲ್ಲದ ಚಪ್ಪಾಳೆ.

ಜನ ಚದುರಿದ ಮೇಲೆ ಇನ್ನಾಸಪ್ಪನವರು ಗಂಟುಮುಖದಲ್ಲಿ ಬರುತ್ತಾರೆ. "ಏನ್ರೀ ಮಾಸ್ತಪ್ಪ, ಕೊನೆ ಮಾತು ಆಡೋಕೆ ಮುಂಚೇನೇ ಪರದೆ ಬಿಟ್ಟುಬಿಟ್ರಲ್ಲ!"

"ಪರದೆ ಬಿಟ್ಟ ಮೇಲೇ ನೀರು ಕೊಟ್ಟಿದ್ದು ಸಾರ್. ನಿಮ್ಮ ಕಂದಕ ನಾನು ದಾಟಿಲ್ಲ." ಮಾಸ್ತಪ್ಪ ಫ್ಯಾನಿನ ವೈರು ಸುತ್ತುತ್ತ, ತಲೆ ಎತ್ತದೆ ಕೇಳುತ್ತಾರೆ. "ಯಾರಾದ್ರೂ ನಕ್ರಾ?"

ಉಪದೇಶಿಯವರ ಮೀಸೆಯಡಿ ತುಟಿ ಸಡಿಲವಾಗಿ ಸಣ್ಣ ನಗು ಮೂಡುತ್ತದೆ. "ಇಲ್ಲ, ನಗಲಿಲ್ಲ. ಮುಂದಿನ ವರ್ಷ ಆ ಕಂದಕ ಇನ್ನೊಂದು ಮೊಳ ಅಗಲ ಇರ್ಲಿ. ಆಯಮ್ಮನ ಕೈ ಬಹಳ ಉದ್ದ."

"ಎಷ್ಟು ಅಗಲ ಬೇಕಾದ್ರೂ ಮಾಡ್ತೀನಿ ಸಾರ್," ಎನ್ನುತ್ತಾರೆ ಮಾಸ್ತಪ್ಪ. "ಆಯಮ್ಮನ್ನ ಮಾತ್ರ ಮುಂದಿನ ಸಾಲಿನಿಂದ ಎಬ್ಬಿಸ್ಬೇಡ್ರಿ."