ಚಿತ್ರದಲ್ಲಿಲ್ಲದ ಕಡ್ಡಿಮನುಷ್ಯ

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಚೇಷ್ಟೆಗೆ ಇಟ್ಟ ಹೆಸರು, ಆದರೆ ತಪ್ಪೇನೂ ಇರಲಿಲ್ಲ ಬಿಡಿ. ಮದುವೆಗೆ ಮುಂಚಿನಿಂದಲೂ ಅವಳು ಹೊಟ್ಟೆ ಹೊರೆದದ್ದು ಗೆರೆ ಎಳೆದೇ. ಮೊದಲು ಇಳಿಜಾರು ಹಲಗೆಯ ಮೇಲೆ ಕಾಗದ ಅಂಟಿಸಿ ಪೆನ್ಸಿಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಬಾಗಿಲು, ಹಳಿ, ಹಗ್ಗ, ರಾಟೆ, ಲಿಫ್ಟಿನ ಯಾವ ಎಲುಬನ್ನು ಕೇಳಿದರೂ ಕಣ್ಣು ಮುಚ್ಚಿ ಬರೆಯುತ್ತಿದ್ದಳು.

ಅವಳ ಗಂಡ ಅದೇ ಕಂಪನಿಯ ಮೆಕ್ಯಾನಿಕ್. ಮಾತು ಕಡಿಮೆ, ಹೆಗಲಿಗೆ ಸದಾ ಸಲಕರಣೆಗಳ ಚೀಲ. ಚೀಲದ ಬಾಯಿಗೆ ಒಂದು ಕಬ್ಬಿಣದ ಕೊಂಡಿ ಇತ್ತು, ನಡೆದರೆ ಟಣ್ ಎನ್ನುತ್ತಿತ್ತು. ಅವರು ವಾಸವಾಗಿದ್ದ ಕಟ್ಟಡದ ಲಿಫ್ಟೂ ಈ ಕಂಪನಿಯದೇ. ಹೊಸದೇನು ಮಾಡಿದರೂ ಮೊದಲು ಆ ಲಿಫ್ಟಿನಲ್ಲೇ ಹಾಕಿ ನೋಡುತ್ತಿದ್ದರು, ಮೆಕ್ಯಾನಿಕ್ ಅಲ್ಲೇ ಇದ್ದಾನಲ್ಲ ಎಂಬ ಧೈರ್ಯದಿಂದ. ಸಂಜೆ ತಾನು ಬರುವ ಹೊತ್ತಿಗೆ ಲಿಫ್ಟು ತಾನಾಗಿ ಕೆಳಗಿಳಿದು, ಬಾಗಿಲು ತೆಗೆದುಕೊಂಡು ಕಾಯುತ್ತಿರುತ್ತದೆ, ಹೆಂಡತಿಗಿಂತ ಅದೇ ವಾಸಿ ಎಂದು ಅವನು ಕೆಣಕುತ್ತಿದ್ದ. ಅವಳು ಮೂಗು ಮುರಿದು ಸುಮ್ಮನಾಗುತ್ತಿದ್ದಳು. ನಾಲ್ಕನೇ ಮಹಡಿಯಲ್ಲಿ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಅವನ ತಾಯಿ, ಲಿಫ್ಟಿನ ಬಾಗಿಲ ಸದ್ದು ಕೇಳಿದ ಕೂಡಲೇ ಒಳಗಿನಿಂದಲೇ 'ಬಂದೆಯಾ' ಎನ್ನುತ್ತಿದ್ದರು. ಅದು ಆ ಮನೆಯ ಸಂಜೆ.

ಹೋದ ವರ್ಷ ಒಂದು ಸಂಜೆ ಕೆಲಸದಿಂದ ಹೊರಟವನು ಮನೆ ಮುಟ್ಟಲಿಲ್ಲ. ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿದಿತ್ತು. ಅವನು ಉಳಿಯಲಿಲ್ಲ ಎಂದು ಆಸ್ಪತ್ರೆಯಿಂದ ಗೆರೆಯಕ್ಕನಿಗೆ ಫೋನ್ ಬಂತು. ಅತ್ತೆ ಮಾತ್ರ ನಂಬಲೇ ಇಲ್ಲ. 

"ಈಗಷ್ಟೇ ಬಂದನಲ್ಲಮ್ಮಾ. ಬಾಗಿಲ ಸದ್ದು ನಿನಗೆ ಕೇಳಲಿಲ್ವಾ?"

ಕೇಳಿತ್ತು. ಅವಳಿಗೂ ಕೇಳಿತ್ತು. ಅಡುಗೆಮನೆಯಲ್ಲಿ ಚಹಾಕ್ಕೆ ಅವನ ಪಾಲಿನ ನೀರನ್ನೂ ಸೇರಿಸಿಯೇ ಇಟ್ಟಿದ್ದಳು.

ಅಲ್ಲಿಂದ ಮುಂದೆ ಪ್ರತಿ ಸಂಜೆ ಅದೇ. ಕಾರಿಡಾರಿನ ದೀಪ ಹೊತ್ತಿದ ಕೂಡಲೇ ಲಿಫ್ಟು ಯಾರೂ ಕರೆಯದೆ ಕೆಳಗೆ ಹೋಗುತ್ತಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆಮೇಲೆ ನಡುವೆ ಎಲ್ಲೂ ನಿಲ್ಲದೆ ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆರೆಯುತ್ತಿತ್ತು. ಒಳಗೆ ಯಾರೂ ಇಲ್ಲ. ದೀಪ, ಕನ್ನಡಿ, ಹಿಡಿಕೆ, ಅಷ್ಟೇ. ಅವನು ಬದುಕಿದ್ದಾಗಲೂ ಲಿಫ್ಟು ಹೀಗೇ ಬರುತ್ತಿತ್ತು ಎನ್ನುವುದು ಅವಳಿಗೆ ಆಗ ಹೊಳೆಯಿತು. ಆಗ ಒಳಗೆ ಅವನಿರುತ್ತಿದ್ದ, ಅದಕ್ಕೇ ಯಾರೂ ಗಮನಿಸಿರಲಿಲ್ಲ.

ಅತ್ತೆ ಈಗ ಕುರ್ಚಿ ಬಿಟ್ಟು ಎದ್ದು ಲಿಫ್ಟಿನ ಬಾಗಿಲವರೆಗೆ ಹೋಗತೊಡಗಿದರು. ಬುದ್ಧಿ ಕೆಟ್ಟಿತ್ತು ಎಂದುಕೊಳ್ಳಬೇಡಿ. ಸೊಸೆ ಕನ್ನಡಕ ಎಲ್ಲಿಟ್ಟು ಮರೆತಿದ್ದಾಳೆಂದು ಸೊಸೆಗಿಂತ ಮೊದಲು ಹೇಳುವ ಮುದುಕಿ ಅವರು. ಖಾಲಿ ಲಿಫ್ಟಿನ ಮುಂದೆ ನಿಂತು ಎರಡು ಮಾತಾಡಿ, ಬಾಗಿಲು ಮುಚ್ಚಿದ ಮೇಲೆ ನೆಮ್ಮದಿಯಾಗಿ ಒಳಗೆ ಬಂದು ಊಟ ಮಾಡುತ್ತಿದ್ದರು. ಮಗ ಸತ್ತ ಮೇಲೆ ಅವರ ಹೊಟ್ಟೆಗೆ ಅನ್ನ ಇಳಿಯುತ್ತಿದ್ದದ್ದೇ ಆ ಎರಡು ಮಾತಿನಿಂದ.

ಗೆರೆಯಕ್ಕನಿಗೆ ಮಾತ್ರ ಹೆದರಿಕೆ. ದೆವ್ವದ್ದಲ್ಲ, ಬಾಗಿಲಿನದು. ಲಿಫ್ಟಿನವರ ಮನೆಯಲ್ಲಿ ಬಾಳಿದವಳು ಅವಳು. ಯಾರೂ ಕರೆಯದೆ ಬರುವ ಲಿಫ್ಟು ಒಂದು ದಿನ ತಾನು ಬಾರದೆಯೇ ಬಾಗಿಲು ತೆರೆದರೆ? ಅತ್ತೆಯ ಕಣ್ಣು ಮಂದ, ಆಸೆ ಜಾಸ್ತಿ. ಒಂದು ಹೆಜ್ಜೆ ಮುಂದಿಟ್ಟರೆ ಕೆಳಗೆ ನಾಲ್ಕು ಮಹಡಿ ಆಳದ ಕತ್ತಲು. ಸಂಜೆ ಹೊತ್ತು ಹೊರಗೆ ಹೋಗಬೇಡಿ ಎಂದರೆ ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಡೆಯ ಮೇಲಿನ ಅವನ ಫೋಟೊ ನೋಡಿ ನೋಡಿ ಹೀಗಾಗುತ್ತಿದೆ ಎಂದುಕೊಂಡು ಅದನ್ನು ತೆಗೆದು ಬೀರುವಿನಲ್ಲಿಟ್ಟಳು. ಏನೂ ಬದಲಾಗಲಿಲ್ಲ.

ಅವನ ಜೊತೆಯ ಮೆಕ್ಯಾನಿಕ್ ಬಂದು ತಂತಿ, ಗುಂಡಿ ಎಲ್ಲ ಬಿಚ್ಚಿ ನೋಡಿದ. ಯಂತ್ರದಲ್ಲಿ ದೋಷವಿಲ್ಲ, ಇದ್ದರೆ ಅದರ ಬುದ್ಧಿಯಲ್ಲಿರಬೇಕು ಎಂದ. ಬುದ್ಧಿ ಎಂದರೆ ಪ್ರೋಗ್ರಾಮ್. ಅದನ್ನು ಕಂಪನಿಯಲ್ಲಿ ಯಾರೂ ಕೈಯಿಂದ ಬರೆಯುವುದಿಲ್ಲ. ಯುಎಂಎಲ್ ಎನ್ನುವ ಚಿತ್ರಭಾಷೆಯಲ್ಲಿ ಲಿಫ್ಟಿನ ಒಂದೊಂದು ಸ್ಥಿತಿಗೂ ಒಂದೊಂದು ಚೌಕ ಬರೆಯುತ್ತಾರೆ: ನಿಂತಿದೆ, ಏರುತ್ತಿದೆ, ಬಾಗಿಲು ತೆರೆದಿದೆ. ಚೌಕದಿಂದ ಚೌಕಕ್ಕೆ ಬಾಣ, ಬಾಣದ ಮೇಲೆ ಷರತ್ತು. ಅದರಿಂದ ಸಾಫ್ಟ್‌ವೇರೇ ಪ್ರೋಗ್ರಾಮನ್ನು ಹೊಸೆದು ಕೊಡುತ್ತದೆ. ಇದಕ್ಕೆ ಮಾಡೆಲ್ ಎಂದು ಹೆಸರು. ಸರ್ಟಿಫಿಕೇಟ್ ಇಲ್ಲದವರು ಅದನ್ನು ಮುಟ್ಟುವ ಹಾಗಿಲ್ಲ, ತೆರೆದು ನೋಡುವ ಹಾಗೂ ಇಲ್ಲ. ಮುಂಚೆ ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್, ಅವಳ ಗಂಡನ ಚಹಾ ಗೆಳೆಯ, ಗೆಳೆಯ ಸತ್ತ ಸ್ವಲ್ಪ ದಿನಕ್ಕೇ ಕೆಲಸ ಬಿಟ್ಟು ಹೋಗಿದ್ದ. ಆ ಜಾಗ ಖಾಲಿ ಬಿದ್ದಿತ್ತು.

ಗೆರೆಯಕ್ಕ ಆ ಸರ್ಟಿಫಿಕೇಟಿನ ಪರೀಕ್ಷೆಗೆ ಹೆಸರು ಕೊಟ್ಟಳು. ಆಫೀಸಿನ ಹುಡುಗರಿಗೆ ನಗಲು ಒಂದು ನೆಪ ಸಿಕ್ಕಿತು. ಅಕ್ಕ ಈ ವಯಸ್ಸಿನಲ್ಲಿ ಬ್ಯಾಗ್ ಹೊತ್ತು ಹೊರಟಳು ಎಂದರು. ಹೊರಟವಳು ಹೊರಟೇ ಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಬಡ್ತಿಯಲ್ಲ, ಆ ಲಿಫ್ಟಿನ ತಲೆಯೊಳಗೆ ಇಣುಕುವ ಹಕ್ಕು.

ಕಲಿಸುವ ಮೇಷ್ಟ್ರಿಗೆ ಸದಾ ನೆಗಡಿ, ಆದರೆ ಪಾಠ ಚೊಕ್ಕ. ಮೊದಲ ದಿನ ಪರದೆಯ ಮೇಲೆ ಒಬ್ಬ ಕಡ್ಡಿಮನುಷ್ಯನನ್ನು ಬರೆದರು. ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಕೈಕಾಲಿಗೆ ಮತ್ತಷ್ಟು. ಯಂತ್ರದ ಹೊರಗೆ ನಿಂತು ಯಂತ್ರದಿಂದ ಕೆಲಸ ಮಾಡಿಸಿಕೊಳ್ಳುವವನನ್ನು ಹಾಗೆ ಬರೆಯುವುದು ಈ ಭಾಷೆಯ ರೂಢಿ. ಬರೆದು, ಅಳಿಸುವ ಕೀಲಿ ಒತ್ತಿದರು. ಹೋದನಾ ಎಂದು ಕೇಳಿದರು. ಹೋದ ಎಂದರು ಎಲ್ಲರೂ. ಪರದೆಯ ಪಕ್ಕದಲ್ಲಿ ಮಾಡೆಲ್ಲಿನ ಪಟ್ಟಿ ಮರದ ಹಾಗೆ ಕವಲೊಡೆದಿತ್ತು, ಮೇಷ್ಟ್ರು ಅದರ ಕೊಂಬೆಗಳನ್ನು ಒಂದೊಂದಾಗಿ ಬಿಡಿಸಿದರು. ಅಲ್ಲಿ ಕಡ್ಡಿಮನುಷ್ಯ ಹಾಗೇ ಇದ್ದ.

"ಚಿತ್ರದಿಂದ ತೆಗೆದ್ರೆ ಮಾಡೆಲ್‌ನಿಂದ ಹೋಗಲ್ಲ. ಗೋಡೆ ಮೇಲಿನ ಫೋಟೊ ತೆಗೆದ್ರೆ ಮನೆಯವರು ಮನೆ ಬಿಟ್ಟು ಹೋಗ್ತಾರೇನು? ಒಳಗೇ ಇರ್ತಾರೆ, ತಮ್ಮ ಪಾಡಿಗೆ ತಮ್ಮ ಕೆಲಸ ಮಾಡ್ಕೊಂಡು."

ಎಲ್ಲರೂ ನಕ್ಕರು. ಗೆರೆಯಕ್ಕನಿಗೆ ಬೀರುವಿನಲ್ಲಿಟ್ಟ ಫೋಟೊ ನೆನಪಾಯಿತು.

ಪರೀಕ್ಷೆ ಪಾಸಾದಳು. ಚಿತ್ರದಿಂದ ಅಳಿಸಿದ್ದು ಏನಾಗುತ್ತದೆ ಎಂಬ ಪ್ರಶ್ನೆಯೂ ಬಂದಿತ್ತು, ಸರಿಯಾಗಿಯೇ ಉತ್ತರಿಸಿದ್ದಳು. ಇಂಜಿನಿಯರ್ ಬಿಟ್ಟುಹೋದ ಕುರ್ಚಿಯಲ್ಲಿ ಕೂತ ಮೊದಲ ದಿನವೇ ತಮ್ಮ ಕಟ್ಟಡದ ಲಿಫ್ಟಿನ ಮಾಡೆಲ್ ತೆರೆದಳು. ಚಿತ್ರಗಳೆಲ್ಲ ಕನ್ನಡಿಯ ಹಾಗೆ ಸ್ವಚ್ಛ. ತಪ್ಪು ಹುಡುಕಿದರೂ ಸಿಗದು. ಆಗ ಮೇಷ್ಟ್ರು ತೋರಿಸಿದಂತೆ ಕೊಂಬೆ ಕೊಂಬೆ ಬಿಡಿಸಿದಳು. ಯಾವ ಚಿತ್ರದಲ್ಲೂ ಇಲ್ಲದ ಒಬ್ಬ ಕಡ್ಡಿಮನುಷ್ಯ ಅಲ್ಲಿದ್ದ. ಅವನ ಕೆಳಗೆ 'ಮೆಕ್ಯಾನಿಕ್' ಎಂದಿತ್ತು. ಅವನ ಜೊತೆಗೆ ಅಡಗಿದ್ದ ಸ್ಥಿತಿ ಒಂದೇ: 'ಅವನಿಗಾಗಿ ಕಾಯುತ್ತಿದೆ.'

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಹಾಗಾದರೆ ಅವನು ಜಂಭ ಕೊಚ್ಚಿರಲಿಲ್ಲ. ಇಂಜಿನಿಯರ್ ಗೆಳೆಯನ ಕಿವಿಯಲ್ಲಿ ಹೇಳಿ ಇದನ್ನು ಮಾಡಿಸಿಕೊಂಡಿದ್ದ. ಗೆಳೆಯ ಹೋಗುವಾಗ ಚಿತ್ರದಿಂದಷ್ಟೇ ಅಳಿಸಿದ್ದ, ಮರೆವಿನಿಂದಲೋ, ಮನಸ್ಸು ಬಾರದೆಯೋ. ನಿಜ ಹೇಳಬೇಕೆಂದರೆ ಅವಳಿಗೆ ಆಗ ಎದೆಯ ಭಾರ ಇಳಿದಂತಾಯಿತು. ಇಷ್ಟು ದಿನದ ಗುಟ್ಟು ಎಂದರೆ ಇಷ್ಟೇ ತಾನೆ.

ಮಾಡೆಲ್ಲನ್ನು ಪರದೆಯ ಮೇಲೆಯೇ ಓಡಿಸಿ ನೋಡಿದಳು. ದೀಪ ಹೊತ್ತಿತು, ಲಿಫ್ಟು ಇಳಿಯಿತು, ಬಾಗಿಲು ತೆರೆಯಿತು, ಕಾಯತೊಡಗಿತು. ಕಾಯುತ್ತಲೇ ಇತ್ತು. ಮೇಲೆ ಬರಲೇ ಇಲ್ಲ. ಯಾಕೆಂದು ಬಾಣದ ಮೇಲಿನ ಷರತ್ತನ್ನು ಓದಿದಳು: ಒಳಗೆ ಭಾರ ಬಿದ್ದ ಮೇಲೆಯೇ ಹೊರಡಬೇಕು. ಖಾಲಿ ಲಿಫ್ಟು ಅಲ್ಲಿಂದ ಹೊರಡಲು ದಾರಿಯೇ ಇಲ್ಲ. ಮತ್ತೆ ಓಡಿಸಿದಳು, ಮತ್ತೆ ಕಾಯಿತು. ಲಿಫ್ಟು ಯಾಕೆ ಕೆಳಗೆ ಹೋಗುತ್ತದೆ ಎಂಬುದಕ್ಕೆ ಮಾಡೆಲ್‌ನಲ್ಲಿ ಉತ್ತರವಿತ್ತು. ಯಾಕೆ ಮೇಲೆ ಬರುತ್ತದೆ ಎಂಬುದಕ್ಕೆ ಇರಲಿಲ್ಲ.

ಜೊತೆಯ ಮೆಕ್ಯಾನಿಕ್ಕನ್ನು ಕೇಳಿ ಲಿಫ್ಟಿನ ತಳದಲ್ಲಿರುವ ತೂಕದ ಸೆನ್ಸರನ್ನು ನೋಡಿಸಿದಳು. ಬಾಕಿ ಹೊತ್ತೆಲ್ಲ ಸರಿ ಇದೆ, ಸಂಜೆ ಮಾತ್ರ ಅದು ಒಬ್ಬ ಆಳಿನ ತೂಕ ತೋರಿಸುತ್ತದೆ, ಜೊತೆಗೆ ಒಂದು ಚೀಲದಷ್ಟು, ಎಂದ. ಹಳೆಯದಾದರೆ ಸೆನ್ಸರು ಹಾಗೇ, ತಲೆ ಕೆಡಿಸಿಕೊಳ್ಳಬೇಡಿ ಎಂದೂ ಸೇರಿಸಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಹೋಗುವಾಗ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಹೋದ.

ಅವಳು ಕಡ್ಡಿಮನುಷ್ಯನನ್ನು ಒಂದು ಹೊಸ ಚಿತ್ರಕ್ಕೆ ಎಳೆದು ತಂದಳು, ಕಣ್ತುಂಬ ನೋಡಿದಳು. ಆಮೇಲೆ ಆರಿಸಿ ಅಳಿಸುವ ಕೀಲಿ ಒತ್ತಿದಳು. ಚಿತ್ರ ಖಾಲಿಯಾಯಿತು. ಆಗಿಹೋಯಿತು ಎಂದು ಎದ್ದೇ ಬಿಟ್ಟಳು. ಮೊದಲ ಪಾಠವನ್ನು ಮೊದಲ ದಿನದ ಹುಡುಗಿಯ ಹಾಗೆ ಮರೆತಳು ಎಂದು ನೀವು ನಗಬಹುದು. ಮರೆತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಮಾಡಿದಳು. ಗಂಡನನ್ನು ಮನೆಯಿಂದ ಹೊರಗೆ ಹಾಕಲು ಯಾವ ಹೆಂಡತಿಗೆ ಕೈ ಬಂದೀತು? ಹೊಸ ಪ್ರೋಗ್ರಾಮ್ ಲಿಫ್ಟಿಗೆ ಹೋಯಿತು. ಸಂಜೆ ದೀಪ ಹೊತ್ತಿತು, ಲಿಫ್ಟು ಎಂದಿನಂತೆ ಬಂತು, ಅತ್ತೆ ಎಂದಿನಂತೆ ಎದ್ದರು.

ಆದರೆ ಅಂದು ಲಿಫ್ಟು ಸಮನಾಗಿ ನಿಲ್ಲಲಿಲ್ಲ. ನೆಲಕ್ಕಿಂತ ಮೊಳ ಕೆಳಗೆ ನಿಂತು ಬಾಗಿಲು ತೆರೆಯಿತು. ಅತ್ತೆ ಯಾರಿಗೋ ಜಾಗ ಬಿಡುವವರಂತೆ ಪಕ್ಕಕ್ಕೆ ಸರಿಯಲು ಹೋಗಿ ಕಾಲು ಜಾರಿದರು. ಗೆರೆಯಕ್ಕ ಓಡಿ ಬಂದು ತೋಳು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಒಳಗೆ ಮುಗ್ಗರಿಸುತ್ತಿದ್ದರು. ಮುದುಕಿಯ ಮೊಣಕಾಲು ತರಚಿ ರಕ್ತ ಬಂತು. ಅವಳಿಗೆ ಸಿಟ್ಟು ನೆತ್ತಿಗೇರಿತು, ಸತ್ತವನ ಮೇಲೆ. ನಿಮ್ಮ ತಾಯಿಯನ್ನೂ ಕರೆದುಕೊಂಡು ಹೋಗಲು ಬಂದಿದ್ದೀರಾ ಎಂದು ಖಾಲಿ ಲಿಫ್ಟಿಗೆ ಬೈದಳು. ಬೈದ ಮೇಲೆ ಅಳು ಬಂತು.

ಮರುದಿನ ಆಫೀಸಿಗೆ ಹೋದವಳು ಕೂತ ಕೂಡಲೇ ಕೊಂಬೆಗಳನ್ನು ಬಿಡಿಸಿದಳು. ಈ ಸಲ ಚಿತ್ರದ ಗೊಡವೆಗೆ ಹೋಗಲಿಲ್ಲ. ಕಡ್ಡಿಮನುಷ್ಯನನ್ನು ಬುಡದಲ್ಲೇ ಆರಿಸಿದಳು. ಇದು ಇಡೀ ಮಾಡೆಲ್‌ನಿಂದ ಹೋಗುತ್ತದೆ, ಇದಕ್ಕೆ ಸೇರಿದ ಸಂಬಂಧಗಳೆಲ್ಲ ಹೋಗುತ್ತವೆ, ಖಂಡಿತವೇ ಎಂದು ಸಾಫ್ಟ್‌ವೇರ್ ಕೇಳಿತು. ಪಾಪ, ಅದರ ಪದ್ಧತಿ, ಎಲ್ಲರನ್ನೂ ಹಾಗೇ ಕೇಳುತ್ತದೆ. ಅವಳು ಹೌದು ಎಂದಳು. 'ಅವನಿಗಾಗಿ ಕಾಯುತ್ತಿದೆ' ಎಂಬ ಸ್ಥಿತಿಯೂ ಅವನ ಹಿಂದೆಯೇ ಹೋಯಿತು.

ಸಂಜೆ ಹೊಸ ಪ್ರೋಗ್ರಾಮ್ ಹಾಕಿಸಿ ಮನೆಗೆ ಬಂದಳು. ಅತ್ತೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕಾರಿಡಾರಿನ ದೀಪ ಹೊತ್ತಿತು. ಲಿಫ್ಟು ಅಲುಗಲಿಲ್ಲ. ಗೆರೆಯಕ್ಕ ನಾಲ್ಕನೇ ಮಹಡಿಯಲ್ಲೇ ಮುಚ್ಚಿಕೊಂಡು ನಿಂತಿದ್ದ ಅದರ ಬಾಗಿಲನ್ನು ನೋಡುತ್ತ ನಿಂತಳು. ಈಗ ಅತ್ತೆ ಕೇಳುತ್ತಾರೆ, ಏನು ಹೇಳಲಿ ಎಂದು ಅವಳು ಮಾತು ಹುಡುಕುತ್ತಿದ್ದಳು. ನಿಮ್ಮ ಮಗನನ್ನು ನಾನೇ ಅಳಿಸಿ ಬಂದೆ ಎನ್ನಲೇ?

ಅತ್ತೆ ತಲೆ ತಿರುಗಿಸಿ, ಲಿಫ್ಟಿನ ಕಡೆಗಲ್ಲ, ಮೆಟ್ಟಿಲ ಕಡೆಗೆ ಕಿವಿಗೊಟ್ಟರು.

"ಇವತ್ತು ಮೆಟ್ಟಿಲು ಹತ್ತಿ ಬರ್ತಿದ್ದಾನೆ ನೋಡು. ಪಾಪ, ಚೀಲ ಬೇರೆ ಭಾರ."

ಗೆರೆಯಕ್ಕ ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ನೋಡಿದಳು. ಕೆಳಗಿನ ತಿರುವುಗಳೆಲ್ಲ ಖಾಲಿ, ಎಲ್ಲ ದೀಪಗಳೂ ಉರಿಯುತ್ತಿದ್ದವು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಟಣ್ ಎಂದಿತು. ಬಲು ಕೆಳಗೆ. ಒಬ್ಬ ದಣಿದ ಮನುಷ್ಯ ಒಂದು ಮೆಟ್ಟಿಲೇರಿ ನಿಲ್ಲುವಷ್ಟು ಹೊತ್ತು ಬಿಟ್ಟು ಮತ್ತೆ ಟಣ್ ಎಂದಿತು.

ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಇಷ್ಟು ದಿನ ನಿಂತಲ್ಲಿಗೇ ಲಿಫ್ಟು ಬಂದು ಕರೆತರುತ್ತಿದ್ದವನನ್ನು ತಾನು ಕಾಲ್ನಡಿಗೆಗೆ ಇಳಿಸಿಬಿಟ್ಟೆನಲ್ಲ. ಬರುವುದನ್ನು ನಿಲ್ಲಿಸಲಾಗಲಿಲ್ಲ, ಬರುವ ದಾರಿಯನ್ನಷ್ಟೇ ಕಷ್ಟ ಮಾಡಿದೆ. ಅತ್ತೆ ಕುರ್ಚಿಯ ಕೈ ಹಿಡಿದು ಏಳಲು ನೋಡುತ್ತಿದ್ದರು. ಅವಳು ಹೋಗಿ ಅವರನ್ನು ಎಬ್ಬಿಸಿ, ತೋಳು ಕೊಟ್ಟು, ಲಿಫ್ಟಿನವರೆಗೆ ನಡೆಸಿಕೊಂಡು ಬಂದಳು. ಬಾಗಿಲು ತೆರೆದು, ನೆಲ ಸಮನಾಗಿದೆಯೇ ಎಂದು ಕಾಲಿನಿಂದ ಮುಟ್ಟಿ ನೋಡಿದಳು. ಕೈ ಮಾತ್ರ ಒಳಗೆ ಚಾಚಿ ಕೆಳಗಿನ ಮಹಡಿಯ ಗುಂಡಿ ಒತ್ತಿದಳು. ಖಾಲಿ ಲಿಫ್ಟು ಇಳಿದುಹೋಯಿತು. ಕೆಳಗೆ ಬಾಗಿಲು ತೆರೆದ ಸದ್ದು ಕೇಳಿತು. ಮೆಟ್ಟಿಲ ಮೇಲಿನ ಸದ್ದು ನಿಂತಿತು.

"ಅದರಲ್ಲೇ ಬನ್ನಿ," ಎಂದಳು ಗೆರೆಯಕ್ಕ, ಮೆಟ್ಟಿಲ ಕಡೆ ಮುಖ ಮಾಡಿ. "ಇನ್ನು ದಿನಾ ನಾನೇ ಕಳಿಸ್ತೀನಿ."

ಆಮೇಲೆ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲಿನಿಂದ ಹಿಂದೆ ಸರಿದಳು. ಇಬ್ಬರೂ ಕಾಯುತ್ತ ನಿಂತರು.