ತಡೀರಿ ಮೇಡಂ ಇಟ್ಟ ಕಿಟಕಿ

ನಮ್ಮ ಆಸ್ಪತ್ರೆಯಲ್ಲಿ ನನ್ನ ಅತ್ತಿಗೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು 'ತಡೀರಿ ಮೇಡಂ'. ಕಂಪ್ಯೂಟರ್ ನಿಂತುಹೋಗಿದೆ ಎಂದರೆ "ತಡೀರಿ". ರಿಪೋರ್ಟು ತೆರೆಯುತ್ತಿಲ್ಲ ಎಂದರೆ "ತಡೀರಿ". ಬೆಂಕಿ ಬಿದ್ದಿದೆ ಎಂದರೂ ಇವಳು ತಡೀರಿ ಅಂತಲೇ ಅನ್ನುತ್ತಾಳೆ ಎಂದು ಕ್ಯಾಂಟೀನಿನಲ್ಲಿ ಮೊದಲು ಹೇಳಿ ನಗಿಸಿದವಳು ನಾನೇ. ಆ ಅಡ್ಡಹೆಸರು ಹುಟ್ಟಿದ್ದು ನನ್ನ ಬಾಯಿಂದ. ಅದಕ್ಕೆ ತಕ್ಕ ಶಾಸ್ತಿಯೂ ನನಗೇ ಆಯಿತು.

ನಾನು ಅಲ್ಲಿ ಸ್ಕ್ಯಾನಿಂಗ್ ವಿಭಾಗದಲ್ಲಿದ್ದೇನೆ. ಜನರ ಎದೆ, ಹೊಟ್ಟೆ, ತಲೆಗಳ ಚಿತ್ರ ತೆಗೆಯುವುದು ನನ್ನ ಕೆಲಸ. ಆ ಚಿತ್ರಗಳೆಲ್ಲ ಹೋಗಿ ಕೂರುವ ಜಾಗ ಅತ್ತಿಗೆಯದು. ನೆಲಮಾಳಿಗೆಯಲ್ಲಿ ಅವಳದೊಂದು ಕೋಣೆ. ಆಳೆತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಡಿಸ್ಕುಗಳು, ಸರ್ವರುಗಳು, ಅವುಗಳ ನಡುವೆ ಸ್ವಿಚ್ಚುಗಳು. ಸ್ವಿಚ್ಚು ಎಂದರೆ ದೀಪ ಹಾಕುವುದಲ್ಲ. ಯಾವ ಸರ್ವರು ಯಾವ ಡಿಸ್ಕಿನ ಜೊತೆ ಮಾತಾಡಬೇಕು ಎಂದು ದಾರಿ ತೋರಿಸುವ ಪೆಟ್ಟಿಗೆ. ಇವೆಲ್ಲ ಸೇರಿದ ಜಾಲಕ್ಕೆ ಅವಳ ಕಸುಬಿನವರು ಫ್ಯಾಬ್ರಿಕ್ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಫೋನಿನಲ್ಲಿ ಅವಳು ಈ ಮಾತಾಡುವುದನ್ನು ಕೇಳಿ, ಸೊಸೆ ಬಟ್ಟೆ ಅಂಗಡಿಯಲ್ಲಿದ್ದಾಳೆಂದು ನನ್ನ ಅಮ್ಮ ಮೂರು ತಿಂಗಳು ನಂಬಿದ್ದಳು. ಹಾಗಿದ್ದೂ ಮನೆಗೊಂದು ಟವೆಲ್ಲೂ ತರಲಿಲ್ಲವಲ್ಲ ಎಂದು ಒಳಗೊಳಗೇ ಬೇಸರವೂ ಇತ್ತಂತೆ.

ಆ ಕೋಣೆಯಲ್ಲಿ ಬಿರುಬೇಸಿಗೆಯಲ್ಲೂ ಸ್ವೆಟರ್ ಬೇಕು. ಫ್ಯಾನುಗಳ ಸದ್ದಿಗೆ ಮಾತು ಕೇಳುವುದಿಲ್ಲ, ಕಿರುಚಬೇಕು. ಬಾಗಿಲ ಪಕ್ಕ ಒಂದು ಉದ್ದನೆಯ ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು. ಒಳಗೆ ಯಾರು ಏನು ಮುಟ್ಟಿದರೂ ಗಂಟೆ ನಿಮಿಷ ಸಮೇತ ಅದರಲ್ಲಿ ಬರೆಯಬೇಕು. ಕಸ ಗುಡಿಸುವವರು ಕೂಡ 'ಗುಡಿಸಿದೆ' ಎಂದು ಬರೆದಿದ್ದಾರೆ.

ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು. ಮನೆಗೆ ಬಂದ ಹೊಸದರಲ್ಲಿ ಅವಳು ನನಗಿಂತಲೂ ಅವಸರದವಳು. ವಾರಕ್ಕೆರಡು ಸಲ ಹಾಲು ಉಕ್ಕಿಸುತ್ತಿದ್ದಳು, ಬಸ್ಸು ನಿಲ್ಲುವ ಮೊದಲೇ ಇಳಿಯುತ್ತಿದ್ದಳು. ಆಮೇಲೆ ಯಾವಾಗಲೋ ಹೀಗಾದಳು. ಒಂದು ಬಾಗಿಲು ಹಾಕಿದರೆ ಮತ್ತೆ ಎಳೆದು ನೋಡುವುದು, ಒಂದು ಮಾತಾಡುವ ಮೊದಲು ಎರಡು ಸಲ ಉಸಿರೆಳೆಯುವುದು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಅಮ್ಮನಂತೂ "ಇವಳು ಹೊಸ್ತಿಲು ದಾಟೋ ಹೊತ್ತಿಗೆ ನಾನು ಎರಡು ಸಲ ಊಟ ಮಾಡಿ ಮಲಗಿ ಎದ್ದಿರ್ತೀನಿ" ಎಂದು ಎಂಟೊಂಬತ್ತು ವರ್ಷದಿಂದ ಗೊಣಗುತ್ತಲೇ ಇದ್ದಳು.

ಈ ವರ್ಷ ಅಮ್ಮನಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಎದೆಯ ಸ್ಕ್ಯಾನ್ ನಾನೇ ಕೈಯಾರೆ ಮಾಡಿದೆ. ಬಲಗಡೆಯ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ಬೇರೆಯವರ ಎದೆಯಲ್ಲಿ ಇಂಥದ್ದು ನೂರು ನೋಡಿದ್ದೇನೆ. ಹೆತ್ತವಳ ಎದೆಯಲ್ಲಿ ನೋಡಿದ್ದು ಇದೇ ಮೊದಲು.

ಡಾಕ್ಟರು ಅಮ್ಮನನ್ನು ಸೇರಿಸಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. "ಸೂಜಿ ಹಾಕಿ ಪರೀಕ್ಷೆ ಮಾಡೋ ಜಾಗ ಅಲ್ಲ ಅದು. ನಾಳೆ ಬೆಳಿಗ್ಗೆ ಎದೆ ತೆರೆದು ಆ ಭಾಗ ಕತ್ತರಿಸೋದೇ ದಾರಿ. ಅವರ ವಯಸ್ಸಿಗೆ ಅದು ಸುಲಭದ್ದಲ್ಲ. ಆದ್ರೆ ಎಂಟು ವರ್ಷದ ಹಿಂದೆ ನಿಮೋನಿಯಾ ಆದಾಗ ಒಂದು ಸ್ಕ್ಯಾನ್ ಆಗಿತ್ತು ಅಂದ್ರಲ್ಲ? ಆಗಲೂ ಈ ಚುಕ್ಕೆ ಇಷ್ಟೇ ಇದ್ದಿದ್ರೆ ಇದು ಹಳೇ ಗಾಯದ ಕಲೆ, ಮುಟ್ಟೋದೇ ಬೇಡ. ಸಂಜೆ ಐದಕ್ಕೆ ನಾಳಿನ ಪಟ್ಟಿ ಹಾಕ್ತೀವಿ. ಅಷ್ಟರೊಳಗೆ ಆ ಚಿತ್ರ ನನ್ನ ಕಣ್ಣಿಗೆ ಬೀಳ್ಬೇಕು."

ಆ ಫಿಲ್ಮು ಮನೆಯಲ್ಲಿತ್ತು, ನಿಜ. ಅಮ್ಮ ಅದನ್ನು ಕತ್ತರಿಸಿ ಚಪ್ಪಲಿ ಗೂಡಿಗೆ ಹಾಸಿದ್ದಳು. ಮನೆ ಬದಲಾಯಿಸಿದಾಗ ಗೂಡಿನ ಸಮೇತ ಹೋಯಿತು. ಉಳಿದದ್ದು ಒಂದೇ ಪ್ರತಿ, ರಸ್ತೆಯಾಚೆಯ ಹಳೇ ಆಸ್ಪತ್ರೆಯ ಡಿಸ್ಕುಗಳಲ್ಲಿ. ಆ ಆಸ್ಪತ್ರೆಯನ್ನು ನಮ್ಮವರು ವಹಿಸಿಕೊಂಡು ಹೋದ ತಿಂಗಳು ಕಟ್ಟಡಕ್ಕೆ ಬೀಗ ಹಾಕಿದ್ದರು. ಚಿತ್ರಗಳನ್ನು ಓದಿ ತೋರಿಸುವ ಅಲ್ಲಿನ ಸರ್ವರು ಕೆಟ್ಟು ಗುಜರಿಗೆ ಹೋಗಿತ್ತು. ಡಿಸ್ಕುಗಳು ಮಾತ್ರ ಖಾಲಿ ಕಟ್ಟಡದಲ್ಲಿ ಗುಂಯ್‌ಗುಡುತ್ತ ಉಳಿದಿದ್ದವು. ನಮ್ಮ ಕಡೆಯ ಸರ್ವರು ಅವನ್ನು ಓದಬೇಕೆಂದರೆ ಎರಡು ಜಾಲಗಳ ನಡುವೆ ದಾರಿ ಮಾಡಬೇಕು. ರಸ್ತೆಯಡಿ ಫೈಬರ್ ಕೇಬಲ್ ಆಗಲೇ ಎಳೆದಾಗಿತ್ತು. ಮುಂದಿನ ವಾರಕ್ಕೆಂದು ಇಟ್ಟಿದ್ದ ಆ ಕೆಲಸವನ್ನು ಅತ್ತಿಗೆ ಅಮ್ಮನಿಗಾಗಿ ಅನುಮತಿ ಬೇಡಿ ಅವತ್ತಿಗೇ ತಂದುಕೊಂಡಳು.

ಮೂರು ಗಂಟೆಗೆ ರಜೆ ಹಾಕಿ ನೆಲಮಾಳಿಗೆಗೆ ಇಳಿದೆ. ಅತ್ತಿಗೆ ಸ್ವೆಟರ್ ಹಾಕಿಕೊಂಡು ಒಂದು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಬಾಯಿಬಿಟ್ಟು ಓದುತ್ತಿದ್ದಳು. ಗೋಡೆಯ ತೂತಿನಿಂದ ಬಂದ ಹಳದಿ ಕೇಬಲ್ಲು ಸುರುಳಿ ಸುತ್ತಿ ಬಿದ್ದಿತ್ತು.

"ಇನ್ನೂ ಓದ್ತಾ ಇದ್ದೀಯಾ? ಬೆಳಿಗ್ಗೆಯಿಂದ ಏನ್ ಮಾಡ್ದೆ ಅತ್ತಿಗೆ? ಆ ಕಡೆ ಸ್ವಿಚ್ ಇದೆ, ಈ ಕಡೆ ಸ್ವಿಚ್ ಇದೆ, ಮಧ್ಯೆ ಕೇಬಲ್ ಇದೆ. ಚುಚ್ಚಿದ್ರೆ ಆಯ್ತಲ್ಲ!"

"ತಡಿ. ಹಾಗೆ ಚುಚ್ಚಿದ್ರೆ ಎರಡು ಜಾಲವೂ ಸೇರಿ ಒಂದಾಗೋಕೆ ಹೋಗ್ತವೆ. ಆ ಕಡೆ ದೊಡ್ಡ ಸ್ವಿಚ್ಚೂ ಒಂದನೇ ನಂಬರು, ಈ ಕಡೇದೂ ಒಂದನೇ ನಂಬರು. ಯಜಮಾನಿಕೆ ಯಾರದು ಅಂತ ಜಗಳ ಶುರುವಾಗತ್ತೆ. ಅದು ಮುಗಿಯೋವರೆಗೆ ನಮ್ಮ ಸರ್ವರ್‌ಗಳಿಗೆ ಡಿಸ್ಕ್ ಕಾಣಲ್ಲ. ಐಸಿಯು, ಔಷಧಿ, ರಕ್ತ ಪರೀಕ್ಷೆ, ಎಲ್ಲಾ ನಿಲ್ಲತ್ತೆ."

"ಮತ್ತೆ ಹೇಗೆ?"

ಅವಳು ಚೌಕಟ್ಟಿನ ಕೆಳಗಿನ ಅಂತಸ್ತಿನಲ್ಲಿದ್ದ ಹೊಸ ಪೆಟ್ಟಿಗೆಯನ್ನು ತೋರಿಸಿದಳು. "ಇದು ರೌಟರ್. ಎರಡು ಮನೆ ಮಧ್ಯದ ಗೋಡೆ ಒಡೆಯೋದು ಬೇಡ, ಒಂದು ಕಿಟಕಿ ಇಟ್ರೆ ಸಾಕು. ಆ ಕಿಟಕೀಲಿ ಆ ಕಡೆಯಿಂದ ಹಳೇ ಡಿಸ್ಕು, ಈ ಕಡೆಯಿಂದ ನಿನ್ನ ಚಿತ್ರದ ಸರ್ವರು, ಇವೆರಡೇ ಮಾತಾಡ್ಬೇಕು. ಇಬ್ಬರ ಹೆಸರೂ ಎರಡೂ ಮನೆಯ ಪಟ್ಟೀಲಿ ಇರ್ಬೇಕು. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ರೆ ಕಿಟಕಿ ತೆರೆಯಲ್ಲ."

ಕೇಬಲ್ಲಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. "ಇದನ್ನ ಹಿಡ್ಕೊಂಡು ಸುಮ್ನೆ ಕೂತ್ಕೋ. ಮುಚ್ಚಳ ತೆಗೀಬೇಡ, ಧೂಳು ಕೂತ್ರೆ ಬೆಳಕು ಹಾಯಲ್ಲ." ಹೀಗೆಂದು ಗಾಜಿನ ಬಾಗಿಲಾಚೆಯ ಮೇಜಿಗೆ ಹೋಗಿ ಕೀಲಿಮಣೆಯ ಮುಂದೆ ಕೂತಳು.

ಮೂರೂವರೆ ಆಯಿತು. ಮೂರೂ ಮುಕ್ಕಾಲು. ಗಾಜಿನಾಚೆ ಅವಳ ಬೆನ್ನು ಅಲುಗುತ್ತಿರಲಿಲ್ಲ. ಒಂದು ಸಾಲು ಒತ್ತುತ್ತಾಳೆ, ಹಾಳೆ ನೋಡುತ್ತಾಳೆ, ಗೀಟು ಹಾಕುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ವಾರ್ಡಿನಲ್ಲಿ ಅಮ್ಮ ಆಪರೇಷನ್ನಿನ ಹಸಿರು ಅಂಗಿ ತೊಟ್ಟು ಕೂತಿದ್ದಾಳೆ, ಇಲ್ಲಿ ಇವಳು ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಗೀಟು ಎಳೆಯುತ್ತಿದ್ದಾಳೆ! ಅತ್ತೆಯಾದ್ದರಿಂದ ಈ ನಿಧಾನ, ತನ್ನ ಹೆತ್ತಮ್ಮನಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು ಎನ್ನುವ ಕೆಟ್ಟ ಯೋಚನೆಯೂ ಬಂತು. ಬಂದದ್ದು ನಿಜ, ಮುಚ್ಚಿಟ್ಟೇನು ಪ್ರಯೋಜನ.

ನನ್ನ ಕಣ್ಣೆದುರಿಗೆ ಪೆಟ್ಟಿಗೆಗಳು. ಎಲ್ಲದರಲ್ಲೂ ಒಂದೇ ಬಗೆಯ ಚೌಕ ತೂತು. ಮೇಲಿನ ಪೆಟ್ಟಿಗೆಯಲ್ಲಿ ಒಂದು ಖಾಲಿ ಇತ್ತು. ಹೇಗೂ ಇವಳ ಬರೆಯುವ ಕೆಲಸ ಮುಗಿಯುತ್ತ ಬಂದಿರಬೇಕು, ಚುಚ್ಚುವ ಕೆಲಸವನ್ನಾದರೂ ಮುಗಿಸಿಟ್ಟಿರೋಣ ಎಂದು ಮುಚ್ಚಳ ಕಿತ್ತು ಒತ್ತಿದೆ. ಟಕ್ ಎಂದು ಕೂತಿತು.

"ಅತ್ತಿಗೇ, ಹಾಕಿಬಿಟ್ಟೆ, ಬಾ ನೋಡು!" ಎಂದು ಕೂಗಿದೆ. ಜಂಬದಿಂದಲೇ ಕೂಗಿದೆ.

ಅವಳು ಓಡಿ ಬಂದಳು. ಈಚಿನ ವರ್ಷಗಳಲ್ಲಿ ಅವಳು ಓಡಿದ್ದನ್ನು ನಾನು ಕಂಡೇ ಇರಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು. ಮೇಲಿನ ಪೆಟ್ಟಿಗೆ ನೋಡಿದಳು, ಕೇಬಲ್ ನೋಡಿದಳು, ತೂತಿನ ಮೇಲಿನ ಪುಟ್ಟ ದೀಪ ನೋಡಿದಳು. ದೀಪ ಹೊತ್ತಿರಲಿಲ್ಲ. ಹಾಗೇ ನೆಲದ ಮೇಲೆ ಕೂತುಬಿಟ್ಟಳು.

"ಯಾಕೆ? ಏನಾಯ್ತು? ಅದಲ್ವಾ ಜಾಗ?"

"ಅದು ನಮ್ಮ ದೊಡ್ಡ ಸ್ವಿಚ್ಚು. ರೌಟರ್ ಕೆಳಗಿದೆ."

ಆಗ ನನಗೆ ಅರ್ಥವಾಯಿತು. ಐಸಿಯು, ಔಷಧಿ, ರಕ್ತ. "ಎಲ್ಲಾ ನಿಂತುಹೋಯ್ತಾ?" ಎಂದೆ.

"ಇಲ್ಲ. ಬೆಳಿಗ್ಗೆ ಬಂದ ತಕ್ಷಣ ಖಾಲಿ ಪೋರ್ಟುಗಳನ್ನೆಲ್ಲ ಕಂಪ್ಯೂಟರಿಂದಾನೇ ಮುಚ್ಚಿಬಿಟ್ಟಿದ್ದೀನಿ. ನಾನು ಅಪ್ಪಣೆ ಕೊಡೋವರೆಗೆ ಅವು ಬರೀ ತೂತು. ನೀನು ಅದಕ್ಕೆ ಕೇಬಲ್ ಚುಚ್ಚಿದ್ರೂ ಒಂದೇ, ಬೆಂಕಿಕಡ್ಡಿ ಚುಚ್ಚಿದ್ರೂ ಒಂದೇ."

"ನಾನು ಬರ್ತೀನಿ ಅಂತ ಮುಚ್ಚಿದ್ಯಾ? ನನ್ ಮೇಲೆ ನಂಬಿಕೆ ಇಲ್ವಾ?"

"ನನ್ ಮೇಲೆ ನನಗೇ ಇಲ್ಲ. ಇನ್ನು ನಿನ್ ಮೇಲೆ ಎಲ್ಲಿಂದ ತರ್ಲಿ?"

ನನಗೆ ನಗುವೂ ಬಂತು, ಅಳುವೂ ಬಂತು. ಅವಳು ಎದ್ದು, ಕೇಬಲ್ ಬಿಡಿಸಿ, ತುದಿ ಒರೆಸುತ್ತ ಹೇಳಿದಳು. ಒಂಬತ್ತು ವರ್ಷದ ಹಿಂದೆ, ಇದಕ್ಕೆ ಮೊದಲಿದ್ದ ಆಸ್ಪತ್ರೆಯಲ್ಲಿ, ಊಟದ ಹೊತ್ತಾಯಿತೆಂಬ ಅವಸರಕ್ಕೆ ಇಂಥದ್ದೇ ಒಂದು ಕೇಬಲ್ಲನ್ನು ಇಂಥದ್ದೇ ಒಂದು ತೂತಿಗೆ ಅವಳೇ ಚುಚ್ಚಿದ್ದಳು. ಎರಡು ಜಾಲ ಡಿಕ್ಕಿ ಹೊಡೆದು ಐವತ್ತು ನಿಮಿಷ ಇಡೀ ಆಸ್ಪತ್ರೆ ಕುರುಡಾಗಿತ್ತು. ಆಪರೇಷನ್ ಮೇಜಿನ ಮೇಲೆ ಹೊಟ್ಟೆ ತೆರೆದು ಮಲಗಿಸಿದ್ದ ಒಬ್ಬರಿದ್ದರು. ಅವರ ಚಿತ್ರ ಪರದೆಯಿಂದ ಮಾಯವಾಗಿ, ಡಾಕ್ಟರು ಕೈ ಕಟ್ಟಿ ನಿಂತಿದ್ದರಂತೆ.

"ಬದುಕಿದ್ರು," ಎಂದಳು. "ಆದ್ರೆ ಆ ಐವತ್ತು ನಿಮಿಷ ಅವರ ಮಗಳು ನನ್ನ ಕೋಣೆ ಬಾಗಿಲ ಹತ್ರಾನೇ ನಿಂತಿದ್ಲು. ನಾನೇ ಮಾಡಿದ್ದು ಅಂತ ಅವಳಿಗೆ ಗೊತ್ತಿರ್ಲಿಲ್ಲ. ನೀರು ಬೇಕಾ ಮೇಡಂ ಅಂತ ನನ್ನನ್ನೇ ಕೇಳಿದ್ಲು."

ಅಣ್ಣನಿಗೊಬ್ಬನಿಗೆ ಇದು ಗೊತ್ತಿತ್ತಂತೆ. ನಾನು ಇಷ್ಟು ವರ್ಷ ಯಾವುದನ್ನು ಆಡಿಕೊಂಡು ಕ್ಯಾಂಟೀನಿನಲ್ಲಿ ಜನರನ್ನು ನಗಿಸಿದೆನೋ ಅದು ಹುಟ್ಟಿದ್ದು ಅಲ್ಲಿ. ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು.

ಅವಳು ಕೇಬಲ್ಲನ್ನು ರೌಟರಿಗೆ ಹಾಕಿ, ಮೇಜಿಗೆ ಹೋಗಿ ಕೀಲಿ ಒತ್ತಿ ಆ ಪೋರ್ಟನ್ನು ತೆರೆದಳು. ದೀಪ ಕಿತ್ತಳೆಯಾಯಿತು, ಆಮೇಲೆ ಹಸಿರಾಯಿತು. ಆದರೆ ನಮ್ಮ ಸರ್ವರಿಗೆ ಹಳೇ ಡಿಸ್ಕು ಕಾಣಲಿಲ್ಲ. ನಾಲ್ಕೂ ಹತ್ತು. ನಾಲ್ಕೂ ಇಪ್ಪತ್ತು. ಈ ಸಲ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವಳು ಹಾಳೆಯನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಹನ್ನೊಂದನೇ ಸಾಲಿಗೆ ಬೆರಳು ನಿಂತಿತು. ಅದರ ಮುಂದೆ ಗೀಟು ಇರಲಿಲ್ಲ.

"ಆ ಕಡೆಯ ಪಟ್ಟಿ. ಹೆಸರು ಬರೆದಿದ್ದೀನಿ, ಜಾರಿ ಮಾಡಿಲ್ಲ."

ನಾನು ಕೂಗಿದಾಗ ಅವಳು ಕೈಬಿಟ್ಟು ಓಡಿ ಬಂದದ್ದು ಆ ಸಾಲಿನಿಂದ. "ನನ್ನಿಂದ," ಎಂದೆ. "ಹೂಂ, ನಿನ್ನಿಂದ," ಎಂದಳು, ಮುಖ ತಿರುಗಿಸದೆ. ಒಂದು ಕೀಲಿ ಒತ್ತಿದಳು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಪರದೆಯ ಮೇಲೆ ಹಳೇ ಆಸ್ಪತ್ರೆಯ ಡಿಸ್ಕುಗಳು ಸಾಲಾಗಿ ಬಂದು ಕೂತವು. ನಾನು ಹಾರಿ ಅವಳನ್ನು ತಬ್ಬಿಕೊಂಡೆ. "ತಡಿ, ಕೀಬೋರ್ಡು," ಎಂದಳು.

ಆದರೂ ಅವಳು ಮೊದಲು ಐಸಿಯುಗೆ, ಔಷಧಿ ವಿಭಾಗಕ್ಕೆ, ಲ್ಯಾಬಿಗೆ ಫೋನು ಮಾಡಿ "ಎಲ್ಲಾ ಸರಿ ಇದೆ ತಾನೇ?" ಎಂದು ಕೇಳಿದಳು. ಎಲ್ಲ ಸರಿಯಿತ್ತು. ಆಮೇಲೆ ಬಾಗಿಲ ಪಕ್ಕದ ಪುಸ್ತಕ ತೆರೆದು ಪೆನ್ನು ನನ್ನ ಕೈಗಿಟ್ಟಳು. "ನಿನ್ನ ಸಾಲು ನೀನೇ ಬರಿ." ತಪ್ಪು ಪೋರ್ಟಿಗೆ ಕೇಬಲ್ ಹಾಕಿದೆ, ಪೋರ್ಟು ಮುಚ್ಚಿದ್ದರಿಂದ ಏನೂ ಆಗಲಿಲ್ಲ ಎಂದು ಗಂಟೆ ನಿಮಿಷ ಸಮೇತ ಬರೆದು ಸಹಿ ಹಾಕಿದೆ.

ಐದಕ್ಕೆ ಹನ್ನೆರಡು ನಿಮಿಷವಿರುವಾಗ ಡಾಕ್ಟರ ಪರದೆಯ ಮೇಲೆ ಅಮ್ಮನ ಎದೆಯ ಎರಡು ಚಿತ್ರಗಳು ಅಕ್ಕಪಕ್ಕ ನಿಂತವು. ಎಂಟು ವರ್ಷದ ಹಿಂದಿನದು ಎಡಕ್ಕೆ, ನಿನ್ನೆಯದು ಬಲಕ್ಕೆ. ಡಾಕ್ಟರು ಅಳತೆ ಇಟ್ಟರು. ಎಡಗಡೆ ಒಂಬತ್ತು ಮಿಲಿಮೀಟರ್. ಬಲಗಡೆ ಒಂಬತ್ತು ಮಿಲಿಮೀಟರ್. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಾಳಿನ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ಕೆಮ್ಮಿಗೆ ಔಷಧಿ ಕೊಡ್ತೀನಿ. ಮನೆಗೆ ಕರ್ಕೊಂಡ್ ಹೋಗಿ," ಎಂದರು. ನಾನು ಕಾರಿಡಾರಿನಲ್ಲಿ ಗೋಡೆಗೊರಗಿ ಗೊಳೋ ಎಂದು ಅತ್ತೆ.

ಅಮ್ಮನಿಗೆ ಹೇಳಿದೆವು. "ಹಾಗಾದ್ರೆ ಈ ಹಸಿರು ಅಂಗಿ ಬಿಚ್ಚಲಾ? ಗಾಳಿ ಆಡತ್ತೆ ಹಿಂದೆ," ಎಂದಳು. ಸೀರೆ ಉಟ್ಟುಕೊಂಡ ಮೇಲೆ ಎಂದಿನ ರಾಗ ತೆಗೆದಳು. "ಇಷ್ಟು ಮಾಡೋಕೆ ಬೆಳಿಗ್ಗೆಯಿಂದ ಬೇಕಾಯ್ತಾ ಇವಳಿಗೆ? ಮಧ್ಯಾಹ್ನವೇ ಮಾಡಿದ್ರೆ ಇಷ್ಟು ಹೊತ್ತಿಗೆ ಮನೇಲಿರ್ತಿದ್ದೆ."

ಅತ್ತಿಗೆ ಬ್ಯಾಗು ತುಂಬುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಆ ಹಾಸಿಗೆಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ: ನಾನು ಚುಚ್ಚಿದ್ದು, ಅವಳು ಬೆಳಿಗ್ಗೆಯೇ ಮುಚ್ಚಿಟ್ಟಿದ್ದು, ನನ್ನ ಕೂಗಿನಿಂದ ಆದ ತಡ, ಮೇಲಿನ ಮಹಡಿಯಲ್ಲಿ ಏನೂ ತಿಳಿಯದೆ ಮಲಗಿರುವ ಅಷ್ಟೂ ಜನ. ಒಂಬತ್ತು ವರ್ಷದ ಹಿಂದಿನದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳುವುದಾದರೆ ಅವಳೇ ಹೇಳಬೇಕು.

ಅಮ್ಮ ಸೊಸೆಯನ್ನೇ ನೋಡುತ್ತಿದ್ದಳು. ಅತ್ತಿಗೆ ಬ್ಯಾಗಿನ ಜಿಪ್ಪು ಹಾಕಿದಳು, ಸರಿಯಾಗಿ ಬಿತ್ತಾ ಎಂದು ಮತ್ತೆ ಎಳೆದು ನೋಡಿದಳು, ಮಂಚದಡಿ ಬಗ್ಗಿ ಏನಾದರೂ ಉಳಿಯಿತಾ ಎಂದು ಹುಡುಕಿದಳು. ಅಮ್ಮನೂ ನಾನೂ ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಎದುರಿನ ಲಿಫ್ಟು ಬಂದು ಬಾಗಿಲು ತೆರೆದು ನಿಂತಿತ್ತು. ನಾನು ಅಭ್ಯಾಸಬಲದಿಂದ "ಬೇಗ ಬಾ ಅತ್ತಿಗೆ" ಎಂದು ಕೂಗಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದು ಜಗ್ಗಿದಳು.

"ಅವಳು ನಿಧಾನಕ್ಕೇ ಬರ್ಲಿ ಬಿಡೇ. ನನಗಿನ್ನು ಅವಸರ ಇಲ್ಲ."