ಆಟಿಯ ಕಷಾಯ, ನನ್ನ ನಾಲ್ಕನೇ ಕ್ಲಾಸು

ನಮ್ಮ ದೀಕ್ಷಾ ಟೂರಿಗೆ ಹೋಗಿ ಬಂದಳು! ಶಾಲೆಯ ಬಸ್ಸಿನಲ್ಲಿ, ಗೆಳತಿಯರ ಜೊತೆ, ಒಂದು ರಾತ್ರಿ ಹೊರಗೆ ಉಳಿದು. ಇದೆಂತ ದೊಡ್ಡ ಸುದ್ದಿ ಅಂತ ನೀವು ಕೇಳಬಹುದು. ಬಂದವಳೇ ಬ್ಯಾಗು ಬಿಚ್ಚಿ, "ನೋಡಿ ಅಜ್ಜಿ, ನೀವು ಹೆಚ್ಚಿಗೆ ಇಟ್ಟ ಚಡ್ಡಿ ಎಲ್ಲ ಮಡಚಿದ ಹಾಗೇ ಉಂಟು" ಅಂದಳು. ನಾನು ಅವನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ. "ಸಾಕಮ್ಮ, ಎಂತ ಸಿನಿಮಾ!" ಅಂತ ಮಗಳು ಬೈದಳು. ಅವಳಿಗೇನು ಗೊತ್ತು? ಮೊಮ್ಮಗಳಿಗೆ ಇದ್ದದ್ದು ನನ್ನದೇ ಕಾಯಿಲೆ.

ಆಗೆಲ್ಲ, ಎಪ್ಪತ್ತರ ದಶಕದಲ್ಲಿ, ನಾವು ಇದ್ದದ್ದು ಬೋಳಾರದಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮನೆ ತುಂಬ ಹೊಗೆಸೊಪ್ಪಿನ ವಾಸನೆ. ನನಗೆ ಆ ವಾಸನೆ ಬೇಕಾಗಿತ್ತು, ನನ್ನದನ್ನು ಅದು ಮುಚ್ಚುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿದ್ದೆ. ಶಾಲೆಯ ಕಕ್ಕಸಿನ ಬಾಗಿಲಿಗೆ ಚಿಲಕ ಇರಲಿಲ್ಲ, ಹಾಗಾಗಿ ಸಂಜೆವರೆಗೆ ಬಿಗಿಹಿಡಿದು ಕೂರುತ್ತಿದ್ದೆ. ಹಿಡಿದು ಹಿಡಿದು ಕೊನೆಗೆ ಹೋಗಬೇಕು ಅಂತ ಅನ್ನಿಸುವುದೇ ನಿಂತುಹೋಯಿತು. ಆದರೆ ಲಗೋರಿಯಲ್ಲಿ ನಾಲ್ಕು ಹೆಜ್ಜೆ ಓಡಿದರೆ ಸಾಕು, ಲಂಗ ಒದ್ದೆ, ಹಳದಿ ಕಲೆ, ನಾತ.

"ಓ ಬಂದಳು ಮಾರಾಯ, ಕಿಟಕಿ ತೆಗೀರಿ!" ಅಂತ ಕ್ಲಾಸಿನ ಹುಡುಗರು. ಮನೆಗೆ ಬಂದರೆ ಅಮ್ಮನ ಏಟು. "ಇಷ್ಟು ದೊಡ್ಡವಳಾಗಿ ಗೊತ್ತಾಗುವುದಿಲ್ಲವಾ ನಿನಗೆ?"

ಗೊತ್ತಾಗುತ್ತಿರಲಿಲ್ಲ! ಎಷ್ಟು ಸಲ ಹೇಳಿದೆ! ನಂಬಿದರೆ ತಾನೆ?

ಒದ್ದೆ ಕಂಡವರೆಲ್ಲ ಇದು ಭೇದಿ ಅಂತ ತೀರ್ಮಾನ ಮಾಡಿದರು. ಅಷ್ಟರಲ್ಲಿ ಆಟಿ ಬಂತು, ನಮ್ಮ ತುಳುವರ ಆಷಾಢ, ಬಿಡದ ಮಳೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ಅರೆದು ಕಷಾಯ ಕುಡಿಯುವುದುಂಟು, ಬೆಳ್ಳುಳ್ಳಿ, ಓಮ ಹಾಕಿ. ನಾಲಗೆ ಸತ್ತೇಹೋಗುವ ಕಹಿ. ಮೇಲೆ ಮೆಂತೆ ಗಂಜಿ. ಎಲ್ಲರಿಗೂ ವರ್ಷಕ್ಕೆ ಒಂದು ದಿನ. ನನ್ನ ಅಜ್ಜಿ ನನಗೆ ಮಾತ್ರ ದಿನಾ ಕುಡಿಸಿದಳು.

"ಕುಡಿ ಮಗಾ, ಹೊಟ್ಟೆ ಕಟ್ಟಬೇಕು."

"ಅಜ್ಜಿ, ಹೊಟ್ಟೆ ಕಲ್ಲಿನ ಹಾಗೆ ಆಗಿದೆ."

"ಕಲ್ಲಾದರೆ ಒಳ್ಳೆಯದೇ ಅಲ್ಲವಾ? ಸೋರುವುದು ನಿಲ್ಲುತ್ತದೆ."

ನಿಲ್ಲಲಿಲ್ಲ. "ಹೊಟ್ಟೆ ಸರಿಯಾದ ಮೇಲೆ ಕಳಿಸಿ" ಅಂತ ಟೀಚರು ಅಮ್ಮನಿಗೆ ಹೇಳಿದರು. ನಾನು ವಾಂತಿ ಮಾಡಲು ಶುರುಮಾಡಿದಾಗ ಆಸ್ಪತ್ರೆಗೆ ಕರಕೊಂಡು ಹೋದರು. ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ, "ಭೇದಿ ಅಂತ ಯಾರು ಹೇಳಿದ್ದು? ಮಲ ಗಟ್ಟಿಯಾಗಿ ಒಳಗೇ ಕೂತಿದೆ. ಅದರ ಬದಿಯಿಂದ ನೀರು ಜಾರುವುದು" ಅಂದರು. ಅಮ್ಮನ ಮುಖ ಕಪ್ಪಾಯಿತು. ಎನಿಮಾ ಕೊಟ್ಟರು. ಹೊಟ್ಟೆ ಹತ್ತಿಯ ಹಾಗೆ ಹಗುರ! ಲಂಗವನ್ನು ಒಲೆಯ ಮೇಲೆ ಒಣಗಿಸಿ ಶಾಲೆಗೆ ಹೊರಟೆ.

ಸ್ವಲ್ಪ ದಿನ ಅಷ್ಟೆ. ಮತ್ತೆ ಅದೇ. ಯಾಕೆಂದರೆ ಮುಂದೆ ಎಂತ ಮಾಡಬೇಕು ಅಂತ ಒಬ್ಬರೂ ಹೇಳಿರಲಿಲ್ಲ. "ಗುಣ ಆಯ್ತು, ಹೋಗಿ" ಅಂದಿದ್ದರು. ನಾಚಿಕೆಗೆ ಅಮ್ಮ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಮಳೆಗಾಲ ಮುಗಿಯುವಾಗ ನಾನು ಶಾಲೆ ಬಿಟ್ಟು ಅವಳ ಪಕ್ಕ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದೆ.

ದೀಕ್ಷಾಳಿಗೆ ಶುರುವಾದಾಗ ಕೊಡಿಯಾಲ್‌ಬೈಲಿನ ಡಾಕ್ಟ್ರು ಹೇಳಿದ್ದೂ ಅದೇ, ಮಲ ಗಟ್ಟಿಯಾಗಿ ಒಳಗೆ ಕೂತಿದೆ ಅಂತ. ಆದರೆ ಇವರು ಅಲ್ಲಿಗೆ ಬಿಡಲಿಲ್ಲ. ಇಂಥ ಮಕ್ಕಳನ್ನು ನೋಡಿ ನೋಡಿ ಕಲಿತದ್ದಂತೆ: ತಿಂಗಳುಗಟ್ಟಲೆ ನೀರಿಗೆ ಹಾಕಿ ಕುಡಿಯುವ ಪುಡಿ, ಊಟ ಆದ ಮೇಲೆ ಕಕ್ಕಸಿನಲ್ಲಿ ಕಾಲಿನ ಕೆಳಗೆ ಮಣೆ ಇಟ್ಟು ಸ್ವಲ್ಪ ಹೊತ್ತು ಕೂರುವುದು, ಹೋಗಬೇಕು ಅನ್ನಿಸಿದ ಕೂಡಲೇ ಎಲ್ಲಿದ್ದರೂ ಏಳುವುದು, ಬೈಯಬಾರದು. ತಾಯಂದಿರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ. ನಾನೂ ಹೋದೆ. ಕೋಣೆ ತುಂಬ ಜನ. ಖುಷಿಯಾಗುವ ಬದಲು ಸಿಟ್ಟು ಬಂತು ನನಗೆ. ಈಗ ಇಷ್ಟು ಜನ ಇದ್ದರೆ ಆಗಲೂ ಇದ್ದಿರಬೇಕಲ್ಲ? ನನ್ನ ಬೆಂಚಿನಲ್ಲೇ ಇನ್ನೊಬ್ಬಳು ಬಿಗಿಹಿಡಿದು ಕೂತಿದ್ದಳೋ ಏನೋ! ಒಂದು ಮಣೆ, ಒಂದು ಒಳ್ಳೆಯ ಮಾತು. ಅಷ್ಟು ಇಲ್ಲದೆ ನನ್ನ ಐದನೇ ಕ್ಲಾಸು ಹೋಯಿತು, ಹತ್ತನೇ ಕ್ಲಾಸೂ ಹೋಯಿತು. ಯಾರ ಹತ್ತಿರ ಕೇಳುವುದು?

ನಿನ್ನೆ ರಾತ್ರಿ ಎಲ್ಲರೂ ಊಟಕ್ಕೆ ಕೂತೆವು. ಮರುವಾಯಿ ಚಿಪ್ಪುಮೀನು ಹಾಕಿದ ಬಸಳೆ, ಹುರಿದ ಬಂಗುಡೆ. ನಡುವೆಯೇ ದೀಕ್ಷಾ ಎದ್ದಳು. "ಕೂತು ಬರ್ತೇನೆ. ನನ್ನ ಬಂಗುಡೆ ಯಾರೂ ಮುಟ್ಟಬೇಡಿ."

"ಬೇಗ ಬಾ, ನಿನ್ನಜ್ಜಿಯನ್ನು ನಂಬಲಿಕ್ಕಾಗುವುದಿಲ್ಲ" ಅಂದ ಅಳಿಯ.

ಯಾರೂ ಮುಖ ತಿರುಗಿಸಲಿಲ್ಲ, ದನಿ ತಗ್ಗಿಸಲಿಲ್ಲ. ಒಳಗಿಂದ ಕೂಗು ಬಂತು: "ಮುಟ್ಟಿದ್ರಾ?"

"ಇಲ್ಲ ಮಾರಾಯ್ತಿ!" ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು.

ಕೈ ತೊಳೆದು ಬಂದು ನನ್ನ ಪಕ್ಕ ಕೂತು, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಳು.